ಹಿತ್ತಿಲಿಗೆ ಬಂದ ಸ್ನ್ಯಾಪಿಂಗ್ ಟರ್ಟಲ್: ಕಚ್ಚುವುದೇಕೆ, ಹಿಡಿಯಬಹುದೇ, ಕಾನೂನು ಏನನ್ನುತ್ತದೆ?

ಮೇ ತಿಂಗಳ ಕೊನೆಯಿಂದ ಜೂನ್ ಮುಗಿಯುವವರೆಗೆ ಅಮೆರಿಕದ ಪೂರ್ವದ ರಾಜ್ಯಗಳಲ್ಲಿ, ಕೆನಡಾದ ಒಂಟಾರಿಯೊದಲ್ಲಿ ನೆಲೆಸಿರುವ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಫೋಟೊ ತಪ್ಪದೆ ಬರುತ್ತದೆ. ಮನೆ ಮುಂದಿನ ಹುಲ್ಲಿನ ಮೇಲೋ, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲೋ, ಮಕ್ಕಳು ಆಡುವ ಮರಳಿನಲ್ಲೋ ಒಂದಡಿ ಅಗಲದ ಆಮೆ ಕೂತಿರುತ್ತದೆ. ಮೈಮೇಲೆ ಪಾಚಿ, ಮೊಸಳೆಯದರಂಥ ಬಾಲ, ಯಾರನ್ನೂ ಲೆಕ್ಕಿಸದ ನೋಟ. ಫೋಟೊದ ಕೆಳಗೆ ಪ್ರಶ್ನೆಗಳ ಸಾಲು. ಮಕ್ಕಳನ್ನು ಒಳಗೆ ಕರೆದುಕೊಳ್ಳಬೇಕೇ? ಯಾರಿಗೆ ಫೋನ್ ಮಾಡಬೇಕು? ಹತ್ತಿರದ ಕೆರೆಗೆ ಬಿಟ್ಟು ಬಂದರಾಯಿತೇ? ಅಷ್ಟರಲ್ಲಿ ಒಬ್ಬರು, ‘ಇದನ್ನು ಇಲ್ಲಿಯವರು ಹಿಡಿದು ಸೂಪ್ ಮಾಡ್ತಾರಂತೆ’ ಎನ್ನುತ್ತಾರೆ. ಇನ್ನೊಬ್ಬರು, ‘ಮುಟ್ಟಿದ್ರೆ ಜೈಲು’ ಎಂದು ಹೆದರಿಸುತ್ತಾರೆ.

ಇಬ್ಬರ ಮಾತಿನಲ್ಲೂ ಅರ್ಧ ನಿಜವಿದೆ. ಯಾವ ರಾಜ್ಯ, ಯಾವ ತಿಂಗಳು, ಎಷ್ಟು ಉದ್ದದ ಆಮೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆದರೆ ಈ ಪ್ರಾಣಿಯ ವಿಷಯದಲ್ಲಿ ಎರಡು ಸಂಗತಿ ತಿಳಿದಿದ್ದರೆ ಗೋಜಲು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. ಒಂದು, ಅದರ ಹೊಟ್ಟೆಯ ಚಿಪ್ಪು ತೀರಾ ಚಿಕ್ಕದು. ಎರಡು, ಅದರ ಬದುಕು ತೀರಾ ನಿಧಾನ. ಅದು ಏಕೆ ಕಚ್ಚುತ್ತದೆ ಎಂಬುದು ಮೊದಲನೆಯದರಿಂದ ತಿಳಿಯುತ್ತದೆ, ಬೇಟೆಯ ನಿಯಮಗಳು ಏಕೆ ಹಾಗಿವೆ ಎಂಬುದು ಎರಡನೆಯದರಿಂದ.

ಯಾವ ಆಮೆ ಇದು?

ಸಾಮಾನ್ಯ ಸ್ನ್ಯಾಪಿಂಗ್ ಟರ್ಟಲ್‌ನ ವೈಜ್ಞಾನಿಕ ಹೆಸರು ಕೆಲಿಡ್ರಾ ಸರ್ಪೆಂಟೈನಾ. ಅಲ್ಲಿಯವರ ಬಾಯಲ್ಲಿ ಬರೀ ‘ಸ್ನ್ಯಾಪರ್’. ಕೆನಡಾದ ನೋವಾ ಸ್ಕೋಷಿಯಾದಿಂದ ಫ್ಲೋರಿಡಾ, ಟೆಕ್ಸಾಸ್‌ವರೆಗೆ, ಪಶ್ಚಿಮದಲ್ಲಿ ರಾಕಿ ಪರ್ವತಗಳ ತಪ್ಪಲಿನವರೆಗೆ ಹರಡಿರುವ ಸಿಹಿನೀರಿನ ಆಮೆ. ಕೆರೆ, ಜೌಗು, ನಿಧಾನವಾಗಿ ಹರಿಯುವ ಹೊಳೆ, ಗಾಲ್ಫ್ ಮೈದಾನದ ಹೊಂಡ, ಬಡಾವಣೆಯ ಮಳೆನೀರು ನಿಲ್ಲುವ ಗುಂಡಿ, ಕೆಸರಿದ್ದ ಕಡೆಯೆಲ್ಲ ಅದಕ್ಕೆ ಮನೆ.

ಬೆಳೆದ ಆಮೆಯ ಬೆನ್ನಿನ ಚಿಪ್ಪು ಸಾಮಾನ್ಯವಾಗಿ 8ರಿಂದ 14 ಇಂಚು ಉದ್ದ. ತೂಕ ಐದಾರು ಕೆ.ಜಿ.ಯಿಂದ ಹದಿನಾರು ಕೆ.ಜಿ.ವರೆಗೆ, ಮೂವತ್ತು ದಾಟಿದವೂ ದಾಖಲಾಗಿವೆ. ಬಾಲದ ಮೇಲೆ ಗರಗಸದ ಹಲ್ಲುಗಳಂಥ ಸಾಲು. ಗಂಡು ಹೆಣ್ಣಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಕಾನೂನಿನ ಮಾತು ಬಂದಾಗ ಬೇಕಾಗುತ್ತದೆ.

ಆಹಾರದಲ್ಲಿ ಅದಕ್ಕೆ ಮಡಿಯೇನಿಲ್ಲ. ಸತ್ತ ಮೀನು, ಸಿಗಡಿ ಜಾತಿಯ ಜೀವಿಗಳು, ಕಪ್ಪೆ, ಹುಳು, ಸಿಕ್ಕರೆ ಬಾತುಮರಿ, ಜೊತೆಗೆ ಜಲಸಸ್ಯ ಕೂಡ ಹೇರಳವಾಗಿ. ಕೆರೆಯ ಮೀನನ್ನೆಲ್ಲ ಖಾಲಿ ಮಾಡುತ್ತದೆ ಎಂಬ ಹಳೆಯ ಆರೋಪವಿದೆ. ಆದರೆ ಹೊಟ್ಟೆಯೊಳಗೇನಿದೆ ಎಂದು ಪರೀಕ್ಷಿಸಿದವರಿಗೆ ಸಿಕ್ಕಿದ್ದರಲ್ಲಿ ಸೊಪ್ಪುಸದೆಯ ಪಾಲು ದೊಡ್ಡದು.

ಆ ನೆಲದ ಮೂಲನಿವಾಸಿಗಳಿಗೆ ಈ ಆಮೆ ಬರೀ ಪ್ರಾಣಿಯಲ್ಲ. ನ್ಯೂಯಾರ್ಕ್ ಸೀಮೆಯ ಹೋಡೆನೊಶೋನಿ ಜನರ ಸೃಷ್ಟಿಕತೆಯಲ್ಲಿ ಭೂಮಿ ನಿಂತಿರುವುದೇ ಆಮೆಯ ಬೆನ್ನಿನ ಮೇಲೆ. ಮಂದರ ಪರ್ವತವನ್ನು ಹೊತ್ತ ಕೂರ್ಮನ ಕತೆ ಕೇಳಿ ಬೆಳೆದ ನಮಗೆ ಇದು ಅಪರಿಚಿತ ಅನ್ನಿಸುವುದಿಲ್ಲ. ಬೆನ್ನುಚಿಪ್ಪಿನ ಹದಿಮೂರು ದೊಡ್ಡ ಬಿಲ್ಲೆಗಳನ್ನು ವರ್ಷದ ಹದಿಮೂರು ಚಂದ್ರಮಾಸಗಳೆಂದು ಎಣಿಸುವ ಪದ್ಧತಿಯೂ ಅವರಲ್ಲಿದೆ. 2006ರಲ್ಲಿ ನ್ಯೂಯಾರ್ಕ್ ಇದನ್ನು ತನ್ನ ರಾಜ್ಯ ಸರೀಸೃಪವೆಂದು ಘೋಷಿಸಿತು. ಅದೇ ರಾಜ್ಯ ಇದರ ಬೇಟೆಗೆ ಋತುವನ್ನೂ ಗೊತ್ತುಮಾಡಿದೆ. ವಿಚಿತ್ರವೆನಿಸಿದರೂ ಅಲ್ಲಿ ಇವೆರಡೂ ಒಟ್ಟಿಗೆ ನಡೆಯುತ್ತವೆ.

ನೀರಿನಲ್ಲಿ ಸಾಧು, ನೆಲದ ಮೇಲೆ ಸಿಡುಕ

ನಮ್ಮ ಕಡೆಯ ನಕ್ಷತ್ರ ಆಮೆಯನ್ನು ನೋಡಿದವರಿಗೆ ಗೊತ್ತು. ಮುಟ್ಟಿದೊಡನೆ ತಲೆ, ಕಾಲು, ಬಾಲ ಎಲ್ಲವೂ ಒಳಗೆ. ಮೇಲೆ ಚಿಪ್ಪು, ಕೆಳಗೆ ಚಿಪ್ಪು, ನಡುವೆ ನೆಮ್ಮದಿ. ಸ್ನ್ಯಾಪರ್‌ಗೆ ಆ ಸೌಕರ್ಯವಿಲ್ಲ. ಅದರ ಹೊಟ್ಟೆಯ ಚಿಪ್ಪು ಒಂದು ಸಣ್ಣ ಶಿಲುಬೆಯ ಆಕಾರದಲ್ಲಿದೆ; ಸುತ್ತ ಬರೀ ಮಾಂಸ, ಚರ್ಮ. ತಲೆಯೂ ದೊಡ್ಡದು, ಕಾಲುಗಳೂ ದಪ್ಪ. ಪೂರ್ತಿ ಒಳಗೆಳೆದುಕೊಳ್ಳಲು ಜಾಗವೇ ಇಲ್ಲ. ಕಾಲುಗಳು ಹೀಗೆ ಬಿಡುವಾಗಿರುವುದರಿಂದ ಕೆಸರಿನಲ್ಲಿ, ನೀರಿನ ತಳದಲ್ಲಿ ಸಲೀಸಾಗಿ ನಡೆದಾಡಬಹುದು. ನೆಲದ ಮೇಲೆ ಬಂದಾಗ ಮಾತ್ರ ಅದೇ ಕೊರತೆಯಾಗುತ್ತದೆ.

ನೀರಿನಲ್ಲಿದ್ದಾಗ ಮನುಷ್ಯರು ಹತ್ತಿರ ಬಂದರೆ ಅದು ಸದ್ದಿಲ್ಲದೆ ಸರಿದುಹೋಗುತ್ತದೆ. ಈಜುವವರನ್ನು ಅಟ್ಟಿಸಿಕೊಂಡು ಬಂದು ಕಚ್ಚುವ ಜಾತಿ ಇದಲ್ಲ. ದಡದ ಮೇಲೆ ಸರಿಯಲು ದಾರಿಯಿಲ್ಲ, ಓಡಲು ವೇಗವಿಲ್ಲ, ಅಡಗಲು ಚಿಪ್ಪಿಲ್ಲ. ಉಳಿದಿರುವುದು ಬಾಯಿ ಒಂದೇ. ಹಿಂಗಾಲು ಎತ್ತಿ, ಬುಸ್ಸೆಂದು, ಕುತ್ತಿಗೆಯನ್ನು ಕಣ್ಣು ಮಿಟುಕಿಸುವುದರೊಳಗೆ ಚಾಚುತ್ತದೆ. ಆ ಕುತ್ತಿಗೆ ನಾವು ಊಹಿಸುವುದಕ್ಕಿಂತ ಉದ್ದ. ಚಿಪ್ಪಿನ ಪಕ್ಕಗಳನ್ನು ಹಿಡಿದ ಕೈಯನ್ನೂ ಹಿಂದಕ್ಕೆ ತಿರುಗಿ ಮುಟ್ಟಬಲ್ಲದು. ಬ್ರೆಡ್ ಹಿಡಿಯುವಂತೆ ನಡುವೆ ಎರಡೂ ಕಡೆ ಹಿಡಿದು ಎತ್ತಲು ಹೋದವರು ಕಚ್ಚಿಸಿಕೊಳ್ಳುವುದು ಇದರಿಂದಲೇ.

ಬೆರಳನ್ನು ಕತ್ತರಿಸಿಬಿಡುತ್ತದೆ, ಪೊರಕೆಯ ಕೋಲನ್ನು ಎರಡು ತುಂಡು ಮಾಡುತ್ತದೆ ಎಂಬ ಕತೆಗಳು ಬೇಕಾದಷ್ಟಿವೆ. ಪ್ರಯೋಗಾಲಯದಲ್ಲಿ ಅಳೆದಾಗ ಅದರ ಕಚ್ಚುವ ಬಲ ಸುಮಾರು 200 ನ್ಯೂಟನ್ ಎಂದು ತಿಳಿದುಬಂದಿದೆ. ನಮ್ಮ ದವಡೆಹಲ್ಲುಗಳೇ ಇದಕ್ಕಿಂತ ಹೆಚ್ಚು ಬಲ ಹಾಕಬಲ್ಲವು. ಆದರೆ ನಮ್ಮ ಹಲ್ಲು ಮೊಂಡು, ಅದರ ಕೊಕ್ಕು ಹರಿತ. ಗಾಯ ಆಳವಾಗಬಹುದು, ಸೋಂಕು ತಗಲಬಹುದು. ಹೆದರಿ ಒಳಗೋಡುವಷ್ಟಿಲ್ಲ, ಕೈಯಿಡುವಷ್ಟು ಸಲುಗೆಯೂ ಬೇಡ.

ಜೂನ್‌ನಲ್ಲೇ ಏಕೆ?

ನೀರು ಬಿಟ್ಟು ಬಂದದ್ದು ಬಹುತೇಕ ಹೆಣ್ಣಾಮೆ. ಮೊಟ್ಟೆಯಿಡಲು ಬಂದಿದೆ. ಬಿಸಿಲು ಬೀಳುವ, ಅಗೆಯಲು ಸಡಿಲವಾದ ಮಣ್ಣು ಅದಕ್ಕೆ ಬೇಕು. ಹಿಂದೆ ಅದು ಹೊಳೆಯ ಮರಳುದಂಡೆಯಾಗಿತ್ತು. ಈಗ ರಸ್ತೆಯಂಚಿನ ಜಲ್ಲಿ, ರೈಲುಹಳಿಯ ದಿಬ್ಬ, ನಿಮ್ಮ ಟೊಮೆಟೊ ಪಾತಿ. ಕೆಲವೊಮ್ಮೆ ಜಾಗ ಹುಡುಕುತ್ತಾ ಕಿಲೋಮೀಟರಿಗೂ ಹೆಚ್ಚು ನಡೆಯುತ್ತದೆ. ಮಳೆ ಬಂದು ನೆಲ ಮೆತ್ತಗಾದ ಮರುದಿನ ಬೆಳಗ್ಗೆ ಕಾಣಿಸಿಕೊಳ್ಳುವುದು ಹೆಚ್ಚು.

ಹಿಂಗಾಲಿನಿಂದ ಗುಂಡಿ ತೋಡಿ, 20ರಿಂದ 40 ಬಿಳಿಯ ದುಂಡು ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಬಾಣಂತನ, ಕಾವಲು ಯಾವುದೂ ಇಲ್ಲ. ಹುಟ್ಟುವುದು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮಣ್ಣಿನ ಬಿಸಿ. ಮಧ್ಯಮ ಬಿಸಿಯಿದ್ದರೆ ಹೆಚ್ಚಾಗಿ ಗಂಡು. ತೀರಾ ಬೆಚ್ಚಗಿದ್ದರೂ ತೀರಾ ತಂಪಾಗಿದ್ದರೂ ಹೆಣ್ಣು. ಮೂರು ತಿಂಗಳ ಆಸುಪಾಸಿನಲ್ಲಿ, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ನಲ್ಲಿ, ಇಂಚಿನಷ್ಟುದ್ದದ ಮರಿಗಳು ಹೊರಬಂದು ನೀರು ಹುಡುಕಿಕೊಂಡು ಹೋಗುತ್ತವೆ. ಅಷ್ಟು ದಿನ ಮೊಟ್ಟೆ ಉಳಿದಿದ್ದರೆ, ಅಷ್ಟೇ. ರಕೂನ್, ಸ್ಕಂಕ್, ನರಿಗಳು ಬಹಳಷ್ಟು ಗೂಡುಗಳನ್ನು ಮೊದಲ ಕೆಲವು ರಾತ್ರಿಗಳಲ್ಲೇ ಅಗೆದು ತಿಂದುಬಿಡುತ್ತವೆ.

ಎದುರಾದರೆ ಏನು ಮಾಡಬೇಕು?

ಅಂಗಳದಲ್ಲಿದ್ದರೆ ಏನೂ ಮಾಡಬೇಕಾಗಿಲ್ಲ. ನಾಯಿಯನ್ನು ಒಳಗೆ ಕಟ್ಟಿ, ಮಕ್ಕಳನ್ನು ದೂರ ನಿಲ್ಲಿಸಿ. ಕೆಲವು ಗಂಟೆಗಳಲ್ಲಿ ಅದು ತನ್ನ ಪಾಡಿಗೆ ಹೋಗುತ್ತದೆ. ಪೊಲೀಸರಿಗೆ ಫೋನ್ ಮಾಡುವ ಸಂಗತಿಯಲ್ಲ. ಮೊಟ್ಟೆಯಿಟ್ಟು ಹೋಗಿದ್ದರೆ ಆ ಜಾಗವನ್ನು ಅಗೆಯಬೇಡಿ, ಮೊಟ್ಟೆಗಳನ್ನು ಬೇರೆಡೆ ಸಾಗಿಸಬೇಡಿ. ಇಟ್ಟ ಸ್ವಲ್ಪ ಹೊತ್ತಿನಲ್ಲೇ ಭ್ರೂಣ ಮೊಟ್ಟೆಯ ಮೇಲ್ಗೋಡೆಗೆ ಅಂಟಿಕೊಳ್ಳತೊಡಗುತ್ತದೆ. ಆಮೇಲೆ ಮೊಟ್ಟೆಯನ್ನು ತಿರುವಿ ಹಾಕಿದರೆ ಸಾಯುವ ಸಂಭವ ಹೆಚ್ಚು. ಗೂಡಿಗೆ ತಂತಿಬಲೆಯ ಪೆಟ್ಟಿಗೆ ಮುಚ್ಚಬೇಕೆನಿಸಿದರೆ ಮೊದಲು ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಯನ್ನು ಕೇಳಿ. ಕೆಲವು ಕಡೆ ಅದಕ್ಕೂ ಅನುಮತಿ ಬೇಕು.

ರಸ್ತೆಯ ಮೇಲಿದ್ದರೆ ಮಾತು ಬೇರೆ. ಅಲ್ಲಿ ನಿಮ್ಮ ಸುರಕ್ಷತೆ ಮೊದಲು: ಗಾಡಿ ಬದಿಗೆ ನಿಲ್ಲಿಸಿ, ಅಪಾಯದ ದೀಪ ಹಾಕಿ. ಹೆದ್ದಾರಿಯಲ್ಲಾದರೆ ಇಳಿಯಲೇ ಬೇಡಿ. ದಾಟಿಸಲು ಸಾಧ್ಯವಿದ್ದರೆ ಅದು ಯಾವ ಕಡೆ ಮುಖ ಮಾಡಿತ್ತೋ ಅದೇ ಕಡೆಗೆ ದಾಟಿಸಬೇಕು. ‘ಪಾಪ, ನೀರು ಈ ಕಡೆ ಇದೆಯಲ್ಲ’ ಎಂದು ತಿರುಗಿಸಿ ಬಿಟ್ಟರೆ ನೀವು ಹೊರಟ ಮೇಲೆ ಅದು ಮತ್ತೆ ರಸ್ತೆಗಿಳಿಯುತ್ತದೆ.

ಬಾಲ ಹಿಡಿದು ಎತ್ತುವುದು ಹಳೆಯ ರೂಢಿ, ಇಂದಿಗೂ ವಿಡಿಯೊಗಳಲ್ಲಿ ಕಾಣುತ್ತದೆ. ಬಾಲ ಬೆನ್ನುಮೂಳೆಯ ಮುಂದುವರಿಕೆ. ಹತ್ತು ಕೆ.ಜಿ. ದೇಹ ಅದರ ಮೇಲೆ ನೇತಾಡಿದರೆ ಮೂಳೆಗಳ ಕೀಲು ತಪ್ಪುತ್ತದೆ. ಎತ್ತಲೇಬೇಕಾದರೆ ಹಿಂದಿನಿಂದ ಹೋಗಿ, ಹಿಂಗಾಲುಗಳ ಮೇಲ್ಭಾಗದಲ್ಲಿ ಚಿಪ್ಪಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಕುತ್ತಿಗೆ ಅಷ್ಟು ದೂರ ಬರುವುದಿಲ್ಲ. ಉಗುರಿನಿಂದ ಪರಚುತ್ತದೆ, ಗಬ್ಬುವಾಸನೆಯನ್ನೂ ಬಿಡಬಹುದು. ಇದಕ್ಕಿಂತ ಸುಲಭದ ದಾರಿಯೆಂದರೆ ಕಾರಿನೊಳಗಿನ ರಬ್ಬರ್ ಚಾಪೆ. ಹಿಂದಿನಿಂದ ಚಾಪೆಯನ್ನು ಅದರಡಿಗೆ ಸರಿಸಿ, ಅದರ ಮೇಲೆ ಆಮೆಯನ್ನು ನೆಲದಿಂದೆತ್ತದೆ ಎಳೆದು ದಾಟಿಸಿ. ಹಿಮ ತೆಗೆಯುವ ಸಲಿಕೆಯಾದರೂ ಆದೀತು. ಆಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮರೆಯಬಾರದು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಮಕ್ಕಳಿಗೆ ಈ ಸೋಂಕು ತಗಲುತ್ತದೆಂದೇ 1975ರಿಂದ ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳನ್ನು ಸಾಕುವುದಕ್ಕೆಂದು ಮಾರುವಂತಿಲ್ಲ.

ಕಚ್ಚಿ ಹಿಡಿದುಕೊಂಡರೆ ಜಗ್ಗಬೇಡಿ, ಗಾಯ ಹರಿಯುತ್ತದೆ. ಅದನ್ನು ನೆಲಕ್ಕೋ ನೀರಿಗೋ ಇಳಿಸಿದರೆ ತಪ್ಪಿಸಿಕೊಳ್ಳುವ ಆಸೆಗೆ ತಾನೇ ಬಿಡುತ್ತದೆ. ಗಾಯ ತೊಳೆದು ಡಾಕ್ಟರ ಹತ್ತಿರ ಹೋಗಿ. ಟೆಟನಸ್ ಚುಚ್ಚುಮದ್ದು ಬೇಕಾಗಬಹುದು.

ಇಷ್ಟರವರೆಗೆ ಕಾನೂನಿನ ತೊಡಕಿಲ್ಲ. ರಸ್ತೆ ದಾಟಿಸುವುದನ್ನು ಅಲ್ಲಿನ ವನ್ಯಜೀವಿ ಇಲಾಖೆಗಳೇ ಹೇಳಿಕೊಡುತ್ತವೆ. ಆಮೆಯನ್ನು ಡಿಕ್ಕಿಯಲ್ಲಿಟ್ಟು ಮನೆಗೊಯ್ದರೆ, ಅಥವಾ ‘ಒಳ್ಳೆ ಕೆರೆ’ಗೆ ಬಿಡಲು ಹತ್ತು ಮೈಲಿ ಹೋದರೆ ಅದು ವನ್ಯಪ್ರಾಣಿಯನ್ನು ವಶದಲ್ಲಿಟ್ಟುಕೊಂಡ ಲೆಕ್ಕಕ್ಕೆ ಬರಬಹುದು. ಆಮೆಗೂ ಅದರಿಂದ ಒಳಿತಿಲ್ಲ. ಹಳೆಯ ನೀರಿನ ದಾರಿ ಹುಡುಕುತ್ತಾ ಇನ್ನಷ್ಟು ರಸ್ತೆ ದಾಟುತ್ತದೆ.

ಗಾಡಿ ಬಡಿದು ಚಿಪ್ಪು ಒಡೆದಿದ್ದರೂ ಸತ್ತಿದೆ ಎಂದುಕೊಳ್ಳಬೇಡಿ. ಚಿಪ್ಪು ಜೀವಂತ ಮೂಳೆ, ಕೂಡಿಕೊಳ್ಳುತ್ತದೆ. ಒಂಟಾರಿಯೊದ ಪೀಟರ್‌ಬರೊದಲ್ಲಿ ಆಮೆಗಳಿಗೆಂದೇ ಇರುವ ಆಸ್ಪತ್ರೆಯೊಂದಿದೆ. ಅಲ್ಲಿ ಸತ್ತ ಹೆಣ್ಣಿನ ಹೊಟ್ಟೆಯಿಂದ ಮೊಟ್ಟೆಗಳನ್ನು ತೆಗೆದು ಮರಿ ಮಾಡಿಸುವುದೂ ಉಂಟು. ಎಲ್ಲಿ ಸಿಕ್ಕಿತೆಂಬುದನ್ನು ಬರೆದಿಟ್ಟುಕೊಂಡರೆ ವಾಸಿಯಾದ ಮೇಲೆ ಅಲ್ಲಿಗೇ ಬಿಡಬಹುದು.

ಬೇಟೆಗೆ ಅನುಮತಿ ಇದೆಯೇ?

ಭಾರತದಿಂದ ಹೋದವರಿಗೆ ಇಲ್ಲೇ ಗೊಂದಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೆಂದರೆ ಅಪರಾಧ ಎಂಬುದೇ ಸಾಮಾನ್ಯ ತಿಳಿವಳಿಕೆ. ಅಮೆರಿಕ, ಕೆನಡಾಗಳಲ್ಲಿ ಬೇಟೆ ಎಂಬುದು ಲೈಸೆನ್ಸ್ ಪಡೆದು ಮಾಡುವ ಕಾನೂನುಬದ್ಧ ಚಟುವಟಿಕೆ. ಆ ಲೈಸೆನ್ಸ್ ಶುಲ್ಕವೂ, ಬಂದೂಕು ಮತ್ತು ಗುಂಡುಗಳ ಮೇಲೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬರುವ ತೆರಿಗೆಯೂ ವನ್ಯಜೀವಿ ಇಲಾಖೆಗಳನ್ನು ನಡೆಸುವ ದುಡ್ಡಿನ ದೊಡ್ಡ ಭಾಗ.

ಇನ್ನೊಂದು ವ್ಯತ್ಯಾಸವೂ ಮುಖ್ಯ. ಅಮೆರಿಕದಲ್ಲಿ ಕಾಡುಪ್ರಾಣಿಗಳ ಮೇಲಿನ ಅಧಿಕಾರ ಮೂಲತಃ ರಾಜ್ಯಗಳದ್ದು. ಅಳಿವಿನಂಚಿನ ಜೀವಿ, ವಲಸೆ ಹಕ್ಕಿ, ರಾಜ್ಯದ ಗಡಿ ದಾಟುವ ವ್ಯಾಪಾರ ಇಂಥವುಗಳಲ್ಲಿ ಮಾತ್ರ ಕೇಂದ್ರ ಕೈಹಾಕುತ್ತದೆ. ಕೆನಡಾದಲ್ಲಿ ಪ್ರಾಂತ್ಯಗಳದ್ದು. ಹೀಗಾಗಿ ಆಮೆಯ ಕಾನೂನು ರಾಜ್ಯಕ್ಕೊಂದು. ಯಾವ ಇಲಾಖೆ ನೋಡಿಕೊಳ್ಳುತ್ತದೆ ಎಂಬುದೂ ಒಂದೇ ಅಲ್ಲ. ನ್ಯೂಯಾರ್ಕ್‌ನಲ್ಲಿ ಸ್ನ್ಯಾಪರ್ ಹಿಡಿಯಲು ಬೇಟೆಯ ಲೈಸೆನ್ಸ್ ಬೇಕು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಅದು ಮೀನುಗಾರಿಕೆ ಮತ್ತು ದೋಣಿ ಆಯೋಗದ ಕೆಲಸ, ಬೇಕಾದದ್ದು ಮೀನು ಹಿಡಿಯುವ ಲೈಸೆನ್ಸ್.

ನಿಯಮ ಪುಸ್ತಕಗಳಲ್ಲಿ ಬರುವ ಪದಗಳನ್ನು ನ್ಯೂಯಾರ್ಕ್‌ನ ಉದಾಹರಣೆಯಿಂದಲೇ ತಿಳಿಯಬಹುದು. ಅಲ್ಲಿ ಬಹುಕಾಲದಿಂದ ಇರುವ ನಿಯಮದ ಪ್ರಕಾರ ‘ಸೀಸನ್’, ಅಂದರೆ ಬೇಟೆಗೆ ಬಿಟ್ಟ ಅವಧಿ, ಜುಲೈ 15ರಿಂದ ಸೆಪ್ಟೆಂಬರ್ 30. ‘ಬ್ಯಾಗ್ ಲಿಮಿಟ್’, ಅಂದರೆ ಒಬ್ಬರು ತೆಗೆದುಕೊಳ್ಳಬಹುದಾದ ಗರಿಷ್ಠ ಸಂಖ್ಯೆ, ದಿನಕ್ಕೆ 5, ಇಡೀ ಸೀಸನ್‌ಗೆ 30. ‘ಕನಿಷ್ಠ ಅಳತೆ’ ಬೆನ್ನುಚಿಪ್ಪಿನ 12 ಇಂಚು. ಉಬ್ಬಿನ ಮೇಲೆ ಟೇಪು ಹಾಸಿ ಅಳೆದ 12 ಅಲ್ಲ; ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ನೇರ ಗೆರೆಯಲ್ಲಿ. ‘ವಿಧಾನ’ವೆಂದರೆ ಬಂದೂಕು ಅಥವಾ ಬಿಲ್ಲು ಮಾತ್ರ, ಬೋನು, ಗಾಳ ನಿಷಿದ್ಧ. ಬೋನಿಗೆ ಅವಕಾಶವಿರುವ ಬೇರೆ ರಾಜ್ಯಗಳಲ್ಲಿ ಅದರ ಒಂದು ಭಾಗ ನೀರಿನ ಮೇಲಿರಬೇಕೆಂಬ ಷರತ್ತು ಸಾಮಾನ್ಯ. ಆಮೆ ಉಸಿರಾಡುವುದು ಶ್ವಾಸಕೋಶದಿಂದ, ಮುಳುಗಿದ ಬೋನಿನಲ್ಲಿ ಅದು ಉಸಿರುಗಟ್ಟಿ ಸಾಯುತ್ತದೆ. ಪೆನ್ಸಿಲ್ವೇನಿಯಾದ ಸೀಸನ್ ಜುಲೈ 1ರಿಂದ ಅಕ್ಟೋಬರ್ 31. ಎರಡೂ ಕಡೆ ಬಾಗಿಲು ತೆರೆಯುವುದು ಜೂನ್ ಕಳೆದ ಮೇಲೆ ಎಂಬುದನ್ನು ಗಮನಿಸಿ. ಮೊಟ್ಟೆಯಿಡುವ ಹೆಣ್ಣು ದಡದ ಮೇಲೆ ಸುಲಭಕ್ಕೆ ಸಿಗುವ ತಿಂಗಳು ಅದು. ಜೂನ್‌ನಲ್ಲಿ ಅಂಗಳಕ್ಕೆ ಬಂದ ಆಮೆಯನ್ನು ಹಿಡಿದವರು, ಕೈಯಲ್ಲಿ ಲೈಸೆನ್ಸ್ ಇದ್ದರೂ, ಈ ಎರಡು ರಾಜ್ಯಗಳಲ್ಲಿ ಅಪರಾಧಿಗಳೇ.

ಈ ತಾರೀಖು, ಸಂಖ್ಯೆಗಳು ಬದಲಾಗುತ್ತಿರುತ್ತವೆ. ಆಯಾ ವರ್ಷದ ಪುಸ್ತಿಕೆಯನ್ನು ಆಯಾ ರಾಜ್ಯದ ಇಲಾಖೆಯ ಜಾಲತಾಣದಲ್ಲೇ ನೋಡಬೇಕು, ಗೆಳೆಯರ ಮಾತಿನಲ್ಲಲ್ಲ.

ಹಿಡಿಯುವವರು ಯಾರು, ಏಕೆ? ಊಟಕ್ಕೆ. ಫಿಲಡೆಲ್ಫಿಯಾದಲ್ಲಿ ಶೆರ್ರಿ ಎಂಬ ವೈನ್ ಹಾಕಿದ ‘ಸ್ನ್ಯಾಪರ್ ಸೂಪ್’ ಹಳೆಯ ಊರ ತಿನಿಸು. ಆದರೆ ಈ ಆಮೆ ದಶಕಗಟ್ಟಲೆ ಕೆರೆಯ ತಳದಲ್ಲಿ ಬದುಕುವುದರಿಂದ ನೀರಿಗೆ ಸೇರಿದ ಪಾದರಸ, ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕದಂಥ ವಿಷಗಳು ಅದರ ಮೈಯಲ್ಲಿ ಕೂಡುತ್ತಾ ಹೋಗುತ್ತವೆ, ಪಿಸಿಬಿ ಮುಖ್ಯವಾಗಿ ಕೊಬ್ಬು, ಪಿತ್ತಜನಕಾಂಗ, ಮೊಟ್ಟೆಗಳಲ್ಲಿ. ಮಕ್ಕಳು ಮತ್ತು ಮಕ್ಕಳಾಗುವ ವಯಸ್ಸಿನ ಹೆಂಗಸರು ಇದನ್ನು ತಿನ್ನಲೇಬಾರದೆಂದು ನ್ಯೂಯಾರ್ಕ್‌ನ ಆರೋಗ್ಯ ಇಲಾಖೆ ಹೇಳುತ್ತದೆ.

ಆಮೆಯ ಲೆಕ್ಕ

ಇಷ್ಟೆಲ್ಲ ಕಟ್ಟಳೆ ಏಕೆ? ಕೆರೆಯಲ್ಲಿ ಬೇಕಾದಷ್ಟು ಕಾಣುತ್ತವಲ್ಲ ಎಂದು ಕೇಳಬಹುದು. ಕಾಣುತ್ತವೆ, ನಿಜ. ಕಾಣುವ ಸಂಖ್ಯೆಯೇ ಇಲ್ಲಿ ಮೋಸ ಮಾಡುತ್ತದೆ.

ಒಂಟಾರಿಯೊದ ಆಲ್ಗಾಂಕ್ವಿನ್ ಪಾರ್ಕಿನಲ್ಲಿ 1972ರಿಂದ ಸ್ನ್ಯಾಪರ್‌ಗಳಿಗೆ ಗುರುತು ಹಾಕಿ, ವರ್ಷ ವರ್ಷವೂ ಅದೇ ಆಮೆಗಳನ್ನು ನೋಡುತ್ತಾ ಬಂದಿದ್ದಾರೆ. ಅಲ್ಲಿನ ಚಳಿಯಲ್ಲಿ ಹೆಣ್ಣೊಂದು ಮೊದಲ ಸಲ ಮೊಟ್ಟೆಯಿಡುವುದು ಹದಿನೇಳು, ಹದಿನೆಂಟನೆಯ ವಯಸ್ಸಿನಲ್ಲಿ. ಇಟ್ಟ ಹತ್ತು ಸಾವಿರ ಮೊಟ್ಟೆಗಳಲ್ಲಿ ಪ್ರಾಯಕ್ಕೆ ಬರುವುದು ಸುಮಾರು ಏಳು. ಅಂದರೆ ಸಾವಿರದ ನಾನ್ನೂರು ಮೊಟ್ಟೆಗೆ ಒಂದು ಆಮೆ. ವರ್ಷಕ್ಕೆ ಮೂವತ್ತೈದು ಮೊಟ್ಟೆಯೆಂದು ಹಿಡಿದರೆ ಒಂದೇ ಒಂದು ಮಗು ದೊಡ್ಡದಾಗುವುದನ್ನು ಖಾತ್ರಿಪಡಿಸಲು ತಾಯಿ ನಲವತ್ತು ವರ್ಷ ಮೊಟ್ಟೆಯಿಡಬೇಕು. ಸಂಖ್ಯೆ ಇಳಿಯದಿರಬೇಕಾದರೆ ತನ್ನ ಜಾಗಕ್ಕೊಂದು, ಗಂಡಿನ ಜಾಗಕ್ಕೊಂದು ಬೇಕು.

ಇದು ಸಾಧ್ಯವಾಗುವುದು ದೊಡ್ಡ ಆಮೆಗಳು ಬಹುತೇಕ ಸಾಯುವುದೇ ಇಲ್ಲ ಎಂಬ ಕಾರಣಕ್ಕೆ. ಒಮ್ಮೆ ಚಿಪ್ಪು ಬಲಿತರೆ ಅವನ್ನು ಕೊಲ್ಲುವ ಪ್ರಾಣಿಗಳು ವಿರಳ. ಆಲ್ಗಾಂಕ್ವಿನ್‌ನ ಅಂಕಿಅಂಶ ನೋಡಿದರೆ ಕೆಲವು ನೂರು ವರ್ಷ ದಾಟಬಹುದೆಂದು ಅಂದಾಜು. ನಿಸರ್ಗ ಈ ಪ್ರಾಣಿಗೆ ಕಟ್ಟಿಕೊಟ್ಟ ಒಪ್ಪಂದವೇ ಇದು: ಮರಿಗಳು ಸಾಯಲಿ, ಹಿರಿಯರು ಉಳಿಯಲಿ.

ಮೊಲವನ್ನೋ ಟ್ರೌಟ್ ಮೀನನ್ನೋ ಬೇಟೆಯಾಡುವುದು ಭತ್ತ ಕೊಯ್ದಂತೆ. ಬೀಜಕ್ಕೆ ಸಾಕಷ್ಟು ಉಳಿಸಿದರೆ ಮುಂದಿನ ವರ್ಷ ಗದ್ದೆ ತುಂಬುತ್ತದೆ. ಸ್ನ್ಯಾಪರ್ ಹಿಡಿಯುವುದು ಫಸಲು ಕೊಡುವ ಅಡಿಕೆಮರವನ್ನೇ ಕಡಿದಂತೆ. ತೋಟದಲ್ಲಿ ಇನ್ನೂ ನೂರು ಮರ ನಿಂತಿರುವುದರಿಂದ ಕಡಿದದ್ದು ಕಣ್ಣಿಗೆ ಬೀಳುವುದಿಲ್ಲ. ಆ ಜಾಗದಲ್ಲಿ ನೆಟ್ಟ ಸಸಿ ಮರವಾಗುವುದು ಯಾವಾಗಲೋ, ದನ ಮೇಯದೆ ಬಿಟ್ಟರೆ.

ಇದನ್ನು ಅಂಕಿಯಲ್ಲಿ ತೋರಿಸಿದವರು ಮಿಷಿಗನ್‌ನ ಇ. ಎಸ್. ಜಾರ್ಜ್ ರಿಸರ್ವ್‌ನಲ್ಲಿ ದಶಕಗಳ ಕಾಲ ಆಮೆಗಳನ್ನು ಅಭ್ಯಾಸ ಮಾಡಿದ ಜಸ್ಟಿನ್ ಕಾಂಗ್ಡನ್ ಮತ್ತು ಸಂಗಡಿಗರು. 1994ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಹದಿನೈದು ವರ್ಷ ದಾಟಿದ ಆಮೆಗಳಲ್ಲಿ ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಹೆಚ್ಚುವರಿಯಾಗಿ ಸತ್ತರೆ, ಇಪ್ಪತ್ತು ವರ್ಷದೊಳಗೆ ದೊಡ್ಡ ಆಮೆಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಜಿಂಕೆ, ಮೊಲಗಳ ಹಿಂಡು ಸಹಜವಾಗಿ ತಾಳಿಕೊಳ್ಳಬಲ್ಲ ನಷ್ಟ ಇದು.

ಆಲ್ಗಾಂಕ್ವಿನ್‌ನಲ್ಲಿ ಇದು ಕಣ್ಣೆದುರೇ ನಡೆಯಿತು. ಬೇಟೆಗಾರರಿಂದಲ್ಲ, ನೀರುನಾಯಿಗಳಿಂದ. 1980ರ ದಶಕದ ಕೊನೆಯ ಕೆಲವು ಚಳಿಗಾಲಗಳಲ್ಲಿ, ಹಿಮದಡಿ ನಿಶ್ಚಲವಾಗಿ ಮಲಗಿದ್ದ ದೊಡ್ಡ ಆಮೆಗಳನ್ನು ನೀರುನಾಯಿಗಳು ಸಾಲಾಗಿ ಕೊಂದವು. ನೀರುನಾಯಿಗಳ ಕಾಟ ನಿಂತಿತು. ಹಾಗಾದರೆ ಆಮೆಗಳು ಚೇತರಿಸಿಕೊಂಡವೇ? 23 ವರ್ಷಗಳ ನಂತರದ ಎಣಿಕೆಯನ್ನೂ ಸೇರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಚೇತರಿಕೆಯ ಕುರುಹೇ ಸಿಗಲಿಲ್ಲ. ಉಳಿದವು ಹೆಚ್ಚು ಮೊಟ್ಟೆಯಿಟ್ಟು ಕೊರತೆ ತುಂಬಲಿಲ್ಲ.

ಈಗ ನಿಯಮಗಳನ್ನು ಮತ್ತೊಮ್ಮೆ ಓದಿದರೆ ಅರ್ಥವಾಗುತ್ತದೆ. ಜೂನ್ ಬಿಟ್ಟು ಸೀಸನ್ ತೆರೆಯುವುದು ಮೊಟ್ಟೆಯಿಡುವ ಹೆಣ್ಣಿಗಾಗಿ. 12 ಇಂಚಿನ ಮಿತಿ ಎಳೆಯ ಆಮೆಗಳನ್ನು ಉಳಿಸುತ್ತದೆ. ಗಂಡು ದೊಡ್ಡದಾಗಿ ಬೆಳೆಯುವುದರಿಂದ ಹಲವು ಹೆಣ್ಣುಗಳೂ ಪಾರಾಗುತ್ತವೆ. ಆದರೂ ಅಳತೆ ದಾಟಿದ ಹೆಣ್ಣುಗಳಿಗೆ ರಕ್ಷಣೆಯಿಲ್ಲ, ಮತ್ತು ಅವೇ ಹೆಚ್ಚು ಮೊಟ್ಟೆಯಿಡುವವು. ಒಬ್ಬರಿಗೆ ಸೀಸನ್‌ಗೆ 30 ಎಂಬ ಮಿತಿ ಈ ಲೆಕ್ಕದ ಮುಂದೆ ನನಗಂತೂ ಧಾರಾಳವಾಗಿಯೇ ಕಾಣುತ್ತದೆ. ಅಷ್ಟು ಹಿಡಿಯುವವರು ಬೆರಳೆಣಿಕೆಯಷ್ಟು ಎಂಬುದೇ ಅದಕ್ಕೆ ಸಮಾಧಾನ.

ನಿಷೇಧದ ಕಡೆಗೆ

ಒಂಟಾರಿಯೊದಲ್ಲಿ ಮೊದಲು ದಿನಕ್ಕೆ ಎರಡು ಸ್ನ್ಯಾಪರ್ ಹಿಡಿಯಬಹುದಿತ್ತು. ಅದೇ ಹೊತ್ತಿಗೆ ಪ್ರಾಂತ್ಯದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲೂ ‘ವಿಶೇಷ ಕಾಳಜಿ’ಯ ವರ್ಗದಲ್ಲಿ ಅದರ ಹೆಸರಿತ್ತು! ಈ ವಿರೋಧಾಭಾಸವನ್ನು ವರ್ಷಗಳ ಕಾಲ ಎತ್ತಿ ತೋರಿಸಿದ ಮೇಲೆ 2017ರಲ್ಲಿ ಬೇಟೆಯನ್ನು ಪೂರ್ತಿ ನಿಲ್ಲಿಸಲಾಯಿತು. ಟೊರೊಂಟೊ, ಮಿಸಿಸಾಗಾ, ಬ್ರಾಂಪ್ಟನ್ ಕಡೆಯ ಕನ್ನಡಿಗರಿಗೆ ಹೀಗಾಗಿ ಉತ್ತರ ಸರಳ: ಹಿಡಿಯುವಂತಿಲ್ಲ.

ಅಮೆರಿಕದ ರಾಜ್ಯಗಳು ಬಹುಮಟ್ಟಿಗೆ ಇನ್ನೊಂದು ಗೆರೆ ಎಳೆದಿವೆ. ಸ್ವಂತ ಊಟಕ್ಕೆ ಒಂದೆರಡು ಹಿಡಿಯುವುದು ಬೇರೆ, ಮಾರಲು ನೂರಾರು ಹಿಡಿಯುವುದು ಬೇರೆ. 1990ರ ದಶಕದಿಂದ ಚೀನಾದ ಮಾರುಕಟ್ಟೆಯಲ್ಲಿ ಆಮೆಮಾಂಸದ ಬೇಡಿಕೆ ಏರಿ, ಏಷ್ಯಾದ ಆಮೆಗಳು ಬರಿದಾಗುತ್ತಾ ಬಂದಂತೆ ವ್ಯಾಪಾರಿಗಳ ಕಣ್ಣು ಅಮೆರಿಕದ ಕೆರೆಗಳ ಮೇಲೆ ಬಿತ್ತು. ಫ್ಲೋರಿಡಾ 2009ರಲ್ಲಿ ಸಿಹಿನೀರಿನ ಕಾಡು ಆಮೆಗಳನ್ನು ಮಾರಾಟಕ್ಕೆಂದು ಹಿಡಿಯುವುದನ್ನು ನಿಷೇಧಿಸಿತು. ಟೆಕ್ಸಾಸ್ 2007ರಲ್ಲಿ ಸಾರ್ವಜನಿಕ ಜಲಗಳಲ್ಲಿ ತಡೆಯೊಡ್ಡಿ, 2018ರಲ್ಲಿ ಖಾಸಗಿ ಕೆರೆಗಳಿಗೂ ಅದನ್ನು ವಿಸ್ತರಿಸಿತು. ಒಂದು ರಾಜ್ಯದಲ್ಲಿ ಕದ್ದು ಹಿಡಿದು ಇನ್ನೊಂದರಲ್ಲಿ ಮಾರಿದರೆ 1900ರ ಲೇಸಿ ಕಾಯ್ದೆಯಡಿ ಅದು ಕೇಂದ್ರ ಸರ್ಕಾರದ ಮೊಕದ್ದಮೆಯಾಗುತ್ತದೆ.

ದಕ್ಷಿಣದ ದೊಡ್ಡಣ್ಣ

ಹ್ಯೂಸ್ಟನ್, ಡಲ್ಲಾಸ್ ಕಡೆಯವರಿಗೆ ಒಂದು ಎಚ್ಚರಿಕೆ. ಮೆಕ್ಸಿಕೊ ಕೊಲ್ಲಿಗೆ ಹರಿಯುವ ನದಿಗಳಲ್ಲಿ ಅಲಿಗೇಟರ್ ಸ್ನ್ಯಾಪಿಂಗ್ ಟರ್ಟಲ್ ಎಂಬ ಇನ್ನೊಂದು ಜಾತಿಯಿದೆ. ಬೆನ್ನಿನ ಮೇಲೆ ಮೂರು ಸಾಲು ಮುಳ್ಳುದಿಣ್ಣೆ, ಗಿಡುಗನಂತೆ ಬಾಗಿದ ಕೊಕ್ಕು. ನಾಲಿಗೆಯ ಮೇಲಿನ ಹುಳುವಿನಂಥ ತುಣುಕನ್ನು ಆಡಿಸುತ್ತಾ, ಬಾಯಿ ತೆರೆದು ಮೀನಿಗಾಗಿ ಕಾಯುತ್ತದೆ. ಕಳೆದ ಶತಮಾನದಲ್ಲಿ ಸೂಪಿಗೆಂದು ಇದನ್ನು ಎಗ್ಗಿಲ್ಲದೆ ಹಿಡಿದರು; ಮಾರಲು ಹಿಡಿಯುವುದಕ್ಕೆ ಕೊನೆಯವರೆಗೂ ಅವಕಾಶ ಕೊಟ್ಟಿದ್ದ ಲೂಯಿಸಿಯಾನಾ ಕೂಡ 2004ರಲ್ಲಿ ನಿಲ್ಲಿಸಿತು. ಟೆಕ್ಸಾಸ್‌ನಲ್ಲಿ ಇದು ರಕ್ಷಿತ ಪ್ರಾಣಿ. ಇದರ ಸೋದರ ಜಾತಿ ಸುವಾನಿ ಅಲಿಗೇಟರ್ ಸ್ನ್ಯಾಪರ್ 2024ರಲ್ಲಿ ಕೇಂದ್ರದ ಅಳಿವಿನಂಚಿನ ಜೀವಿಗಳ ಕಾಯ್ದೆಯಡಿ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಮರಿಗಳಿರುವಾಗ ಅಲಿಗೇಟರ್ ಸ್ನ್ಯಾಪರನ್ನೂ ಸಾಮಾನ್ಯ ಸ್ನ್ಯಾಪರನ್ನೂ ಬೇರೆ ಮಾಡುವುದು ಪಳಗದವರಿಗೆ ಕಷ್ಟ.

ಗಡಿ ದಾಟಿದಾಗ

ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದಕ್ಕೆ ಸೈಟೀಸ್ ಎಂದು ಹೆಸರು. ಅಮೆರಿಕ, ಭಾರತ ಎರಡೂ ಅದರ ಸದಸ್ಯರು. ಸಾಮಾನ್ಯ ಸ್ನ್ಯಾಪರ್ 2016ರಲ್ಲಿ ಅದರ ಮೂರನೆಯ ಅನುಬಂಧ ಸೇರಿತ್ತು. 2022ರ ಪನಾಮಾ ಸಮ್ಮೇಳನದಲ್ಲಿ ಹೆಚ್ಚು ಬಿಗಿಯಾದ ಎರಡನೆಯ ಅನುಬಂಧಕ್ಕೆ ಬಂತು. ಈಗ ರಫ್ತಿಗೆ ಅನುಮತಿ ಬೇಕು. ಕೊಡುವ ಮುನ್ನ, ಈ ರಫ್ತಿನಿಂದ ಕಾಡಿನ ಸಂತತಿಗೆ ಧಕ್ಕೆಯಿಲ್ಲವೆಂದು ಸರ್ಕಾರ ಖಚಿತಪಡಿಸಿಕೊಳ್ಳಬೇಕು.

ರಜೆಗೆ ಊರಿಗೆ ಹೋಗುವಾಗ ಮುದ್ದಾದ ಮರಿಯೊಂದನ್ನು ಸೂಟ್‌ಕೇಸಿನಲ್ಲಿ ಒಯ್ಯುವ ಯೋಚನೆ ಯಾರಿಗಾದರೂ ಬಂದರೆ, ಅಮೆರಿಕದ ಕಾನೂನನ್ನು ಮಾತ್ರವಲ್ಲ, ಭಾರತದ ಕಾನೂನನ್ನೂ ಮುರಿದಂತೆ. 2022ರ ತಿದ್ದುಪಡಿಯ ನಂತರ ಸೈಟೀಸ್ ಪಟ್ಟಿಯ ಜೀವಿಗಳು ನಮ್ಮ ವನ್ಯಜೀವಿ ಕಾಯ್ದೆಯ ವ್ಯಾಪ್ತಿಗೆ ಬಂದಿವೆ. ಅಂಥ ಜೀವಂತ ಪ್ರಾಣಿ ಮನೆಯಲ್ಲಿದ್ದರೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದೇ ತಿದ್ದುಪಡಿಯಲ್ಲಿ ನಮ್ಮ ನಕ್ಷತ್ರ ಆಮೆಯೂ ಮೊದಲನೆಯ ಅನುಸೂಚಿಗೆ ಏರಿದೆ. ಅದನ್ನು ಹಿಡಿದರೆ, ಮಾರಿದರೆ ಮೂರರಿಂದ ಏಳು ವರ್ಷ ಸೆರೆವಾಸ.

ಜಪಾನಿನಲ್ಲಿ ಕತೆ ತಿರುವುಮುರುವು. ಸಾಕುಪ್ರಾಣಿಯಾಗಿ ಹೋದ ಸ್ನ್ಯಾಪರ್‌ಗಳನ್ನು ಜನ ದೊಡ್ಡದಾದ ಮೇಲೆ ನೀರಿಗೆ ಬಿಟ್ಟರು. ಟೋಕಿಯೊ ಬಳಿಯ ಚಿಬಾ ಪ್ರಾಂತ್ಯದ ಇನ್ಬಾ ಸರೋವರದ ಸುತ್ತ ಅವು ಬೇರೂರಿದವು. 2005ರಲ್ಲಿ ಅಲ್ಲಿನ ಸರ್ಕಾರ ಅವನ್ನು ಹಾನಿಕರ ಪರದೇಶಿ ಜೀವಿಯೆಂದು ಘೋಷಿಸಿತು. ಅಲ್ಲಿ ಸರ್ಕಾರದವರೇ ಬೋನಿಟ್ಟು ಹಿಡಿಯುತ್ತಾರೆ. ಅನುಮತಿಯಿಲ್ಲದೆ ಸಾಕುವುದೂ ನೀರಿಗೆ ಬಿಡುವುದೂ ಅಪರಾಧ.